ಸೂಜಿಹುಲ್ಲು ಬೆಳೆದದ್ದು ಎಲ್ಲಿ

ಆ ಟವೆಲನ್ನು ಕೇಳಿ ಈಸಿಕೊಂಡವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಆಫೀಸಿನ ಫಾರಂನಲ್ಲಿ ‘ಜೋರು ಗಾಳಿಯಿಂದ ಆದ ಅಪಘಾತ’ ಅಂತ ಒಂದೇ ಸಾಲು ಬರೆದು ಮುಗಿಸಿದರು. ಗಾಳಿ ಇತ್ತು, ನಿಜ. ಆದರೆ ತಪ್ಪು ಗಾಳಿಯದ್ದಲ್ಲ.

ಗಂಡನ ಕೆಲಸದ ಕಾರಣಕ್ಕೆ ಮೈಸೂರು ಬಿಟ್ಟು ಮಲಯ್ ನಾಡಿನ ಪುಚೊಂಗ್‌ಗೆ ಬಂದು ಆಗ ಹನ್ನೊಂದು ವರ್ಷವಾಗಿತ್ತು. ನಾನು ಓದಿದ್ದು ಸಸ್ಯಶಾಸ್ತ್ರ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ಬಾಂಗ್ಸಾರ್‌ನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಹಿಡಿದೆ. ಎಲ್ಲಾದರೂ ರಸ್ತೆ, ಕಟ್ಟಡ ಬರುವ ಮೊದಲು ಆ ಜಾಗದಲ್ಲಿ ಏನೇನು ಗಿಡ ಇವೆ ಅಂತ ನೋಡಿ, ಗುರುತಿಸಿ, ಮ್ಯಾಪಿನ ಮೇಲೆ ಚುಕ್ಕಿ ಇಟ್ಟು ಕೊಡುವ ಕೆಲಸ. ನಮ್ಮ ಬಾಸ್ ಮಂಗಳೂರಿನವರು. ಮೂವತ್ತು ವರ್ಷದಿಂದ ಈ ದೇಶದಲ್ಲಿದ್ದರೂ ನನ್ನ ಹತ್ತಿರ ಮಾತಾಡುವಾಗ ಅವರ ಊರಿನ ಕನ್ನಡವೇ.

ಆ ವರ್ಷ ನನಗೆ ಬಂದದ್ದು ತಿತಿವಾಂಗ್ಸಾ ಬೆಟ್ಟಸಾಲಿನ ಒಂದು ಏಣು, ಅಂದರೆ ಬೆಟ್ಟದ ಬೆನ್ನಿನ ಉದ್ದನೆಯ ಅಂಚು. ಅದರ ಮೇಲೊಂದು ರೆಸಾರ್ಟ್ ಬರುವುದಿತ್ತು, ಅದಕ್ಕೆ ರಸ್ತೆ ಬೇಕಿತ್ತು. ಆ ಎತ್ತರದ ಬಂಡೆಗಳ ನಡುವೆ ಒಂದು ಜಾತಿಯ ಹುಲ್ಲು ಬೆಳೆಯುತ್ತದೆ ಅಂತ ಹಳೆಯ ದಾಖಲೆಗಳಲ್ಲಿತ್ತು. ಇಲ್ಲಿಯದೇ ಅಪರೂಪದ ಹುಲ್ಲು, ಹೊರಗಿನಿಂದ ಬಂದದ್ದಲ್ಲ. ಅದು ಇದ್ದ ಕಡೆ ರಸ್ತೆಗೆ ಒಪ್ಪಿಗೆ ಸಿಗುವುದು ಕಷ್ಟ. ಅದರ ಬೀಜಕ್ಕೆ ಒಂದು ಕಡೆ ಬಾಲದಂಥ ಉದ್ದನೆಯ ಊಬು, ಇನ್ನೊಂದು ತುದಿಯಲ್ಲಿ ಸೂಜಿಯಂಥ ಮೊನೆ. ನಾನು ಅದನ್ನು ಸೂಜಿಹುಲ್ಲು ಅಂತಲೇ ಕರೆಯುತ್ತಿದ್ದೆ. ಹಳೆಯ ಮ್ಯಾಪಿನಲ್ಲಿ ಎರಡು ಚುಕ್ಕಿ ಇದ್ದವು, ಆದರೆ ಆ ಚುಕ್ಕಿಗಳು ಎಷ್ಟು ದಪ್ಪವೆಂದರೆ ಒಂದೊಂದರ ಕೆಳಗೆ ಒಂದೊಂದು ಬೆಟ್ಟವೇ ಅಡಗಿ ಕೂತಿತ್ತು.

ಕಷ್ಟ ಇದ್ದದ್ದು ಬೇರೆ ಕಡೆ. ರಸ್ತೆಗೆ ಗುಡ್ಡ ಕಡಿದಾಗ ಮಣ್ಣು ಜರಿಯದಿರಲಿ ಅಂತ ಆ ಇಳಿಜಾರಿಗೆ ಹುಲ್ಲಿನ ಬೀಜ ಸಿಂಪಡಿಸುತ್ತಾರೆ. ಆ ಬೀಜದ ಜೊತೆ ಬಂದ ಇನ್ನೊಂದು ಹುಲ್ಲು ನೋಡುವುದಕ್ಕೆ ಥೇಟ್ ಹೀಗೇ ಇರುತ್ತದೆ. ಅದೇ ಸಪೂರ ಎಲೆ, ಅದೇ ಬಾಗು, ಅದೇ ಊಬು. ಮಾಗಿದ ಬೀಜವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಾತ್ರ ವ್ಯತ್ಯಾಸ ಕಾಣುವುದು. ಊಬು ಶುರುವಾಗುವ ಕುತ್ತಿಗೆಯ ಜಾಗದಲ್ಲಿ ಬಿಳಿ ಕೂದಲಿನ ಒಂದು ಉಂಗುರ ಇದ್ದರೆ ಬೆಟ್ಟದ ಸೂಜಿಹುಲ್ಲು. ಅಲ್ಲಿ ಬೋಳಾಗಿದ್ದು, ಬುಡದಲ್ಲಿ ಕಂದು ಕೂದಲಿದ್ದರೆ ರಸ್ತೆಬದಿಯದು. ಎರಡು ತಿಂಗಳ ಹಿಂದೆ ನಾನು ಆ ಏಣಿನ ಮೇಲಕ್ಕೆ ಹೋಗಿ ಬಂದಾಗ ಬೀಜ ಇನ್ನೂ ಎಳಸು. ಆದರೂ ರಿಪೋರ್ಟಿನಲ್ಲಿ ‘ಬಹುಶಃ ಸೂಜಿಹುಲ್ಲೇ’ ಅಂತ ಬರೆದಿದ್ದೆ. ಆ ‘ಬಹುಶಃ’ದ ಮೇಲೆ ರಸ್ತೆಯವರು ಕೆಲಸ ನಿಲ್ಲಿಸಿ ಕೂತಿದ್ದರು. ಮುಂದಿನ ಸೋಮವಾರ ಮೀಟಿಂಗ್. ಅಷ್ಟರಲ್ಲಿ ಹೌದೋ ಅಲ್ಲವೋ ಹೇಳಬೇಕಿತ್ತು.

ಮಂಗಳವಾರ ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರು ಹತ್ತಲು ಶುರುಮಾಡಿದೆವು. ನಾನು ಮತ್ತು ಗೈಡ್. ಗೈಡ್ ಆ ಬೆಟ್ಟದ ಬುಡದ ಸೆಮಾಯ್ ಹಳ್ಳಿಯವರು. ಸೆಮಾಯ್ ಅಂದರೆ ಈ ಕಾಡುಗಳ ಮೂಲದ ಜನ. ಐವತ್ತರ ಆಸುಪಾಸು, ಮಾತು ಕಡಿಮೆ. ನಾನು ಅವರನ್ನು ಅಬಾಂಗ್ ಅನ್ನುತ್ತಿದ್ದೆ, ಅಣ್ಣ ಅಂದಹಾಗೆ. ಅವರು ನನ್ನನ್ನು ಪುವಾನ್ ಅನ್ನುತ್ತಿದ್ದರು, ಮೇಡಂ ಅಂದಹಾಗೆ. ಇಬ್ಬರ ನಡುವೆ ನನ್ನ ಹರಕು ಮಲಯ್ ಭಾಷೆ.

ಹಿಂದಿನ ವಾರವೆಲ್ಲ ಮಳೆ ಹೊಡೆದಿತ್ತು. ಮೇಲಿನ ಏಣಿನಲ್ಲಿ ಹುಲ್ಲು ಇತ್ತು, ಬೀಜ ಇರಲಿಲ್ಲ. ತೆನೆಗಳೆಲ್ಲ ಖಾಲಿ. ನಾಲ್ಕು ಬುಡ ಕಿತ್ತು ಪೇಪರ್ ಚೀಲಕ್ಕೆ ಹಾಕಿದೆ. ಆಮೇಲೆ ಏಣಿನ ಆಚೆ ಬದಿಗೆ ಇಳಿದೆವು. ಅಲ್ಲಿ ಹಳೆಯ ಭೂಕುಸಿತದ ಒಂದು ಕೊರಕಲು ಇದೆ, ಬರೀ ಬಂಡೆ, ಕಲ್ಲುಚೂರು. ಅದರ ಬಾಯಲ್ಲಿ ಅದೇ ಥರದ ಹುಲ್ಲು. ಅಲ್ಲಿಯೂ ತೆನೆ ಖಾಲಿ. ಒಳಗೆ ಇಳಿಯೋಣ ಅಂದರೆ ಮಂಜು ಏರುತ್ತಿತ್ತು. ಅಬಾಂಗ್ ತಲೆ ಆಡಿಸಿ ಬೇಡ ಅಂದರು.

ಅಷ್ಟು ಹೊತ್ತಿಗೆ ನನ್ನ ಚೀಲಗಳು ಒದ್ದೆಯಾಗಿ ಒಡೆದಿದ್ದವು. ಎರಡೂ ಜಾಗದ ಹುಲ್ಲು ಕೈಯಲ್ಲೇ ಉಳಿಯಿತು. ಒಂದೊಂದಕ್ಕೂ ದಾರ ಕಟ್ಟಿ ಚೀಟಿ ಇಟ್ಟೆ. ಆಮೇಲೆ ಅಬಾಂಗ್ ಕತ್ತಿನಲ್ಲಿದ್ದ ಟವೆಲನ್ನು ಕೇಳಿದೆ.

“ಒದ್ದೆ ಆಗುತ್ತೆ ಪುವಾನ್,” ಅಂದರು.

“ಪರವಾಗಿಲ್ಲ, ಸ್ವಲ್ಪ ಹೊತ್ತಿಗೆ ಅಷ್ಟೇ.”

ಎರಡೂ ಕಟ್ಟನ್ನು ಅದರಲ್ಲೇ ಸುತ್ತಿದೆ. ಏಣಿನ ಮೇಲೆ ವಾಪಸ್ ಬಂದು ನನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಊಟ ಖಾಲಿ ಮಾಡಿ, ಹುಲ್ಲನ್ನು ಆ ಡಬ್ಬಿಗೆ ತುಂಬಿದೆ. ಟವೆಲನ್ನು ಎರಡು ಸಲ ಜಾಡಿಸಿ ಅವರಿಗೆ ಕೊಟ್ಟೆ. ಅವರು ಅದರಲ್ಲಿ ಮುಖ ಒರೆಸಿಕೊಂಡರು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವರು ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಮಾತಿಲ್ಲದೆ, ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತರು. ಕಿರುಚಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಉಜ್ಜಬೇಡಿ, ಅಬಾಂಗ್, ಉಜ್ಜಬೇಡಿ!”

ಕೈ ಸರಿಸಿ ನೋಡಿದೆ. ಕಪ್ಪುಗುಡ್ಡೆಯ ಅಂಚಿನಲ್ಲಿ ಬೀಜದ ಮೊನೆ ಚುಚ್ಚಿಕೊಂಡಿತ್ತು. ಊಬು ರೆಪ್ಪೆಯ ಮೇಲೆ ಅಡ್ಡ ಮಲಗಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬಂದೇಬಿಡುತ್ತದೆ ಅನಿಸುವಷ್ಟು ಹತ್ತಿರ. ಆದರೆ ಆ ಮೊನೆಗೆ ಹಿಮ್ಮುಖ ಕೂದಲಿರುತ್ತವೆ, ಎಳೆದರೆ ಕಣ್ಣನ್ನೂ ಕಿತ್ತುಕೊಂಡು ಬರುತ್ತದೆ ಅಂತ ಬೇರೆ ಯಾರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಮಾದರಿ ಹಾಕುವ ಪೇಪರ್ ಕಪ್ಪೊಂದನ್ನು ಕಣ್ಣಿನ ಮೇಲೆ ಬೋರಲು ಹಾಕಿ ಟೇಪಿನಿಂದ ಅಂಟಿಸಿದೆ. ಮೂರು ಸಲ ಟೇಪು ನನ್ನ ಬೆರಳಿಗೇ ಅಂಟಿತು.

ಇಳಿಯುವುದಕ್ಕೆ ಮೂರು ಗಂಟೆ ಹಿಡಿಯಿತು. ದಾರಿ ಗೊತ್ತಿದ್ದದ್ದು ಅವರಿಗೆ, ಕಣ್ಣಿದ್ದದ್ದು ನನಗೆ. ಒಂದು ಕಣ್ಣಿಗೆ ಪೆಟ್ಟಾದರೆ ಇನ್ನೊಂದೂ ನೀರು ಸುರಿಸುತ್ತಾ ತಾನಾಗಿ ಮುಚ್ಚಿಕೊಳ್ಳುತ್ತದೆ. ಅವರು ನನ್ನ ಬ್ಯಾಗಿನ ಪಟ್ಟಿ ಹಿಡಿದು ಹಿಂದೆ ಬಂದರು. ಮಂಜು ಹತ್ತು ಹೆಜ್ಜೆ ಆಚೆ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ.

“ಎಡಕ್ಕೆ ಬಿದ್ದ ಮರ ಇದೆಯಾ?”

“ಇದೆ.”

“ಅದರ ಮೇಲೆ ಪಾಚಿ ಇದೆಯಾ, ಇಲ್ಲ ಬೋಳಾ?”

“ಬೋಳು.”

“ಹಾಗಾದರೆ ತಪ್ಪು. ಹಿಂದೆ ಹೋಗೋಣ.”

ಎರಡು ಸಲ ಹೀಗೆ ಹಿಂದೆ ಹೋದೆವು. ಎರಡನೇ ಸಲ ನನಗೆ ಅಳು ಬಂತು, ಅವರಿಗೆ ಕೇಳಿಸದ ಹಾಗೆ ಮೂಗು ಒರೆಸಿಕೊಂಡೆ. ಅವರಿಗೆ ಕೇಳಿಸಿರಬೇಕು. “ನಿಧಾನ, ಪುವಾನ್. ಬೆಟ್ಟ ಎಲ್ಲಿಗೂ ಹೋಗಲ್ಲ,” ಅಂದರು.

ಬುಡದಲ್ಲಿ ಆಫೀಸಿನ ಪಿಕಪ್ ನಿಂತಿತ್ತು. ಅಲ್ಲಿಯವರೆಗೆ ನನಗೆ ಅದರ ಯೋಚನೆಯೇ ಬಂದಿರಲಿಲ್ಲ. ಕಾಡಿನ ದಾರಿಯಲ್ಲಿ ಯಾವಾಗಲೂ ಅಬಾಂಗ್ ಓಡಿಸುತ್ತಿದ್ದರು. ನಾನು ಈ ದೇಶದಲ್ಲಿ ಗೇರಿಲ್ಲದ ಕಾರು ಬಿಟ್ಟು ಬೇರೆ ಮುಟ್ಟಿದವಳಲ್ಲ. ಮೊದಲ ತಿರುವಿನಲ್ಲೇ ಗಾಡಿ ಎರಡು ಸಲ ಆಫ್ ಆಯಿತು. ಅವರು ಕಣ್ಣು ಮುಚ್ಚಿಯೇ ಇಂಜಿನ್ ಶಬ್ದ ಕೇಳಿಸಿಕೊಂಡು “ಎರಡನೇ ಗೇರ್… ಈಗ ಕ್ಲಚ್… ಬ್ರೇಕ್ ಒತ್ತಬೇಡಿ, ಬಿಡಿ,” ಅನ್ನುತ್ತಾ ಬಂದರು. ಒಂದು ಕಡೆ ಚಕ್ರ ಅಂಚಿಗೆ ಜಾರಿತು. ಕೆಳಗೆ ಬರೀ ಬಿಳಿ ಮಂಜು. ಅವರು ಮಾತು ನಿಲ್ಲಿಸಿದರು. ಗಾಡಿ ಮತ್ತೆ ದಾರಿಗೆ ಬಂದ ಮೇಲೆ “ಮತ್ತೆ ಎರಡನೇ ಗೇರ್,” ಅಂದರು.

ಹಳ್ಳಿಯ ಹತ್ತಿರ ಅವರ ಹೆಂಡತಿ ಹತ್ತಿಕೊಂಡರು. ಫೋನಿನಲ್ಲಿ ಮೊದಲೇ ಹೇಳಿದ್ದೆ. ಗಂಡನ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. ದೊಡ್ಡಾಸ್ಪತ್ರೆ ಇರುವ ಇಪೋ ಪಟ್ಟಣ ಮುಟ್ಟುವವರೆಗೆ ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಸಂಜೆ ಐದರ ಹೊತ್ತಿಗೆ ಕಣ್ಣಿನ ಡಾಕ್ಟರು ಅವರನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ಅವರ ಹೆಂಡತಿ, ನಾನು. ಆಗ ನಾನು ಆ ಮಾತು ಹೇಳಿದೆ. ಈಗಲೂ ಅದನ್ನು ನೆನೆದರೆ ಮೈ ಹಿಡಿಯಾಗುತ್ತದೆ. ಡಾಕ್ಟರ ಹಿಂದೆ ಓಡಿ, “ಡಾಕ್ಟರ್, ತೆಗೆದ ಮೇಲೆ ಅದನ್ನು ಎಸೀಬೇಡಿ. ನನಗೆ ಬೇಕು,” ಅಂದೆ.

ಡಾಕ್ಟರು ತಮಿಳು ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಯಾವುದು?”

“ಬೀಜ.”

“ಪೇಷೆಂಟಿಗೆ ನೀವೇನಾಗಬೇಕು?”

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಅಬಾಂಗ್ ದನಿ ಬಂತು, “ಕೊಡಿ ಅವರಿಗೆ. ಅದಕ್ಕೇ ಹೋಗಿದ್ದು ನಾವು.”

ಅವರ ಹೆಂಡತಿ ಆ ದಿನ ಮೊದಲ ಸಲ ನನ್ನನ್ನು ನೋಡಿದರು. ಬೈದಿದ್ದರೆ ಬಾಯಿಬಿಟ್ಟು ಕ್ಷಮೆಯಾದರೂ ಕೇಳಬಹುದಿತ್ತು. ಅವರು ನೋಡಿ, ಗೋಡೆಯ ಕಡೆ ತಿರುಗಿ ಕೂತರು.

ಒಂದು ಗಂಟೆಯ ಮೇಲೆ ಹೊರಬಂದ ಡಾಕ್ಟರು, ಮೊನೆ ಪೂರ್ತಿ ಬಂದಿದೆ, ಒಳಗೆ ಮುರಿದಿಲ್ಲ ಅಂದರು. ಹುಲ್ಲಿನಿಂದಾದ ಗಾಯದಲ್ಲಿ ಸೋಂಕು ಹತ್ತುವ ಭಯ ಹೆಚ್ಚು, ಒಂದು ವಾರ ಕಾದು ನೋಡಬೇಕು, ದೃಷ್ಟಿ ಎಷ್ಟು ಉಳಿಯುತ್ತದೆ ಈಗಲೇ ಹೇಳೋಕಾಗಲ್ಲ ಅಂದರು. ಆಮೇಲೆ ನನ್ನ ಕೈಗೆ ಒಂದು ಪುಟ್ಟ ಬಾಟಲಿ ಕೊಟ್ಟರು.

ಮಾರನೇ ದಿನ ಅವರನ್ನು ಹಳ್ಳಿಗೆ ಬಿಟ್ಟು ಪುಚೊಂಗ್‌ಗೆ ಬಂದೆ. ಗುರುವಾರ ಮಧ್ಯಾಹ್ನ ಊಟದ ಟೇಬಲ್ ಮೇಲೆ ಹಳೆಯ ಮೈಕ್ರೋಸ್ಕೋಪ್ ಇಟ್ಟು ಬಾಟಲಿ ತೆಗೆದೆ. ಕಣ್ಣು ಇಟ್ಟ ಮೊದಲ ಸಲವೇ ಕಂಡಿತು. ಕುತ್ತಿಗೆಯಲ್ಲಿ ಬಿಳಿ ಕೂದಲಿನ ಉಂಗುರ. ಎರಡು ಕಡೆ ಬಾಗಿದ ಊಬು. ಬೆಟ್ಟದ ಸೂಜಿಹುಲ್ಲೇ. ಖುಷಿಯಲ್ಲಿ ಟೇಬಲ್ ತಟ್ಟಿದೆ. ಆ ಕ್ಷಣ ಅಬಾಂಗ್ ನೆನಪು ನನಗೆ ಇರಲೇ ಇಲ್ಲ, ಅದನ್ನೂ ಹೇಳಬೇಕು.

ಉಂಗುರ ಇನ್ನೂ ಚೆನ್ನಾಗಿ ಕಾಣಲಿ ಅಂತ ಒಂದು ಹನಿ ನೀರು ಬಿಟ್ಟೆ. ಹದಿನೈದು ವರ್ಷದ ಮಗಳು ಸ್ಕೂಲಿನಿಂದ ಬಂದು ನನ್ನ ಭುಜದ ಮೇಲೆ ಗದ್ದ ಇಟ್ಟಳು.

“ಅಮ್ಮಾ, ಇಟ್ಸ್ ಮೂವಿಂಗ್.”

ಹೌದು, ಬೀಜ ತಿರುಗುತ್ತಿತ್ತು. ಒಣಗಿದಾಗ ಹಗ್ಗದ ಹಾಗೆ ಹುರಿಗೊಂಡಿರುವ ಊಬು ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತಾ ಬೀಜವನ್ನು ತಿರುಪಿನ ಮೊಳೆಯಂತೆ ನೆಲಕ್ಕೆ ಇಳಿಸುತ್ತದೆ. ಹಿಂದೆ ಮೈಸೂರಿನಲ್ಲಿ ಪಾಠ ಮಾಡುತ್ತಿದ್ದಾಗ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ.

“ಈಸ್ ದಟ್ ದ ಒನ್ ಫ್ರಮ್ ಹಿಸ್ ಐ?”

“ಹೂಂ.”

“ಹಿ ವಾಸ್ ಕ್ರೈಯಿಂಗ್, ರೈಟ್? ಫಾರ್ ತ್ರೀ ಅವರ್ಸ್?”

ನಾನು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಣ್ಣೀರಿನಲ್ಲಿ ಅದು ಮೂರು ಗಂಟೆ ತಿರುಗಿರಬೇಕು. ಅವರು ದಾರಿಯನ್ನಷ್ಟೇ ಹೇಳುತ್ತಾ ಬಂದಿದ್ದರು, ನೋವನ್ನಲ್ಲ.

ಶುಕ್ರವಾರ ಆಫೀಸಿನಲ್ಲಿ ಬಾಸ್ ಮೈಕ್ರೋಸ್ಕೋಪಿನಿಂದ ಮುಖ ಎತ್ತಿ ನಕ್ಕರು. “ಸಿಕ್ಕಿತಲ್ಲ ಮಾರಾಯ್ರೆ! ಇನ್ನು ಆ ಏಣಿನ ಮೇಲೆ ರಸ್ತೆ ಹೇಗೆ ಮಾಡ್ತಾರೆ ನೋಡುವ.”

“ಸರ್, ಇದು ಏಣಿನದ್ದೇ ಅಂತ ಹೇಳೋಕಾಗಲ್ಲ.”

“ಎಂತಕ್ಕೆ?”

ಟವೆಲಿನ ವಿಷಯ ಹೇಳಿದೆ. ಎರಡೂ ಜಾಗದ ಹುಲ್ಲು ಒಂದೇ ಟವೆಲಿನಲ್ಲಿತ್ತು. ಡಬ್ಬಿಯಲ್ಲಿದ್ದ ಹುಲ್ಲನ್ನೆಲ್ಲ ಎಳೆ ಎಳೆ ಬಿಡಿಸಿ ನೋಡಿದ್ದೆ, ಇನ್ನೊಂದು ಬೀಜ ಸಿಕ್ಕಿರಲಿಲ್ಲ. ಈ ಒಂದು ಬೀಜ ಏಣಿನದ್ದಿರಬಹುದು, ಆಚೆ ಕೊರಕಲಿನದ್ದೂ ಇರಬಹುದು. ರಸ್ತೆಯ ಗೆರೆ ಹಾದುಹೋಗುವುದು ಏಣಿನ ಮೇಲೆ. ಕೊರಕಲು ಗೆರೆಯ ಹೊರಗೆ.

ಬಾಸ್ ಕುರ್ಚಿಗೆ ಒರಗಿದರು. ಅವರು ಕೆಟ್ಟವರಲ್ಲ. ಆ ಬೆಟ್ಟಗಳನ್ನು ನನಗಿಂತ ಮೊದಲಿನಿಂದ ಕಂಡವರು. ಕಣ್ಣೆದುರು ಎಷ್ಟು ಏಣು ಬೋಳಾದವು ಅಂತ ಬಲ್ಲವರು.

“ನಿಮ್ಮ ಮೊದಲನೇ ರಿಪೋರ್ಟಿನಲ್ಲಿ ಏಣು ಅಂತ ಉಂಟು. ಈಗ ಬೀಜವೂ ಉಂಟು. ಏಣಿನಲ್ಲೇ ಚುಕ್ಕಿ ಇಡಿ. ಇದು ಸುಳ್ಳು ಅಂತ ಯಾರು ಹೇಳಿಯಾರು? ಅರ್ಧ ನಿಜವೇ ಅಲ್ವಾ?”

“ಇನ್ನರ್ಧ?”

“ಇನ್ನರ್ಧಕ್ಕೆ ಬೆಟ್ಟ ಉಳೀತದೆ.”

ನನ್ನ ಟೇಬಲಿಗೆ ಬಂದು ಕಂಪ್ಯೂಟರಿನಲ್ಲಿ ಮ್ಯಾಪ್ ತೆಗೆದೆ. ಏಣಿನ ಮೇಲೆ ಚುಕ್ಕಿ ಇಟ್ಟೆ. ಕೆಂಪು, ಪುಟ್ಟದು, ನೋಡಲಿಕ್ಕೆ ಬಹಳ ಖಚಿತವಾಗಿತ್ತು. ಸುಮಾರು ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತೆ. ಆ ಬೀಜ ಎಲ್ಲಿಯದು ಅಂತ ತಿಳಿಯಲು ಹೋಗಿ ಒಬ್ಬ ಮನುಷ್ಯನ ಕಣ್ಣು ಹೋಗುವುದರಲ್ಲಿತ್ತು. ಒಳ್ಳೆಯ ಕೆಲಸಕ್ಕೆ ಅಂತಲೇ ಆದರೂ, ಅದರ ಜಾಗವನ್ನು ನಾನು ಸುಳ್ಳೇ ಕಟ್ಟಿ ಹೇಳುವುದೆ? ಮೊದಲ ಸಲ ‘ಬಹುಶಃ’ ಅಂತ ಬರೆದದ್ದರಿಂದಲೇ ಅಲ್ಲವೇ ಎರಡನೇ ಸಲ ಹತ್ತಬೇಕಾಗಿ ಬಂದದ್ದು? ಚುಕ್ಕಿ ಅಳಿಸಿದೆ. ಬಾಸ್‌ಗೆ, “ಇನ್ನೊಂದು ಸಲ ಹತ್ತಿ ಬರ್ತೀನಿ ಸರ್,” ಅಂದೆ.

“ಗೈಡ್ ಇಲ್ಲದೆಯಾ? ನಿಮಗೆಂತ ಮರುಳಾ?”

ಶನಿವಾರ ಹಳ್ಳಿಗೆ ಹೋದೆ. ನನ್ನ ಗಂಡ ಜೊತೆಗೆ ಬರುತ್ತೇನೆ ಅಂದಿದ್ದರು, ಬೇಡ ಅಂದೆ. ಅಬಾಂಗ್ ಮನೆಯ ಜಗುಲಿಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು. ನೋವು ಕಡಿಮೆ, ಬೆಳಕು ಆಗಲ್ಲ ಅಂದರು. ಟವೆಲಿನ ಮಾತನ್ನು ನಾನೇ ಎತ್ತಿ, ತಪ್ಪಾಯಿತು ಅಂದೆ. ಅವರು ಕೈ ಬೀಸಿ ಬಿಟ್ಟರು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ತಂದ ಹಣ್ಣಿನ ಚೀಲ ಮೆಟ್ಟಿಲ ಮೇಲೆಯೇ ಇತ್ತು, ಯಾರೂ ಮುಟ್ಟಿರಲಿಲ್ಲ.

“ಈಗ ಮತ್ತೆ ಯಾಕೆ ಬಂದಿದ್ದು?” ಹೆಂಡತಿ ಕೇಳಿದರು. ಅವರ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಆಗಲೇ.

ಫೋನಿನಲ್ಲಿದ್ದ ಬೀಜದ ಚಿತ್ರ ತೋರಿಸಿ, ಇದು ಎಲ್ಲಿ ಬೆಳೆಯುತ್ತೆ ಅಂತ ಗೊತ್ತಾಗಬೇಕು, ಸೋಮವಾರ ಹೇಳಬೇಕು ಅಂದೆ. ಹೆಂಡತಿ ಫೋನನ್ನು ಕೈಗೆ ತೆಗೆದುಕೊಂಡು ನೋಡಿದರು. ಗಂಡನ ಹತ್ತಿರ ತಮ್ಮ ಭಾಷೆಯಲ್ಲಿ ಏನೋ ಅಂದರು. ಅಬಾಂಗ್ ಬೇಡ ಅನ್ನುವ ಹಾಗೆ ತಲೆ ಆಡಿಸಿದರು. ಹೆಂಡತಿ ಇನ್ನೇನೋ ಗಟ್ಟಿಯಾಗಿ ಅಂದು ನನ್ನ ಕಡೆ ತಿರುಗಿದರು.

“ಇವರನ್ನು ಕೇಳಿದ್ದೀರಿ, ಮ್ಯಾಪನ್ನು ಕೇಳಿದ್ದೀರಿ. ನನ್ನನ್ನು ಯಾರೂ ಕೇಳಿಲ್ಲ. ಔಷಧಿ ಬೇರು ತರೋಕೆ ನಾನು ಆ ಕಡೆ ಹೋಗ್ತೀನಿ. ನಾಳೆ ಬೆಳಿಗ್ಗೆ ಬನ್ನಿ. ತೋರಿಸ್ತೀನಿ, ಅಲ್ಲಿಗೆ ಮುಗೀಬೇಕು. ಆಮೇಲೆ ನಮ್ಮ ಮನೆಯವರನ್ನು ಕರೀಬಾರದು.”

ಭಾನುವಾರ ಅವರು ಮುಂದೆ, ನಾನು ಹಿಂದೆ. ಅವರ ನಡಿಗೆ ಗಂಡನಿಗಿಂತ ಬಿರುಸು. ನನಗಾಗಿ ಎಲ್ಲೂ ನಿಲ್ಲಲಿಲ್ಲ. ಏಣಿನ ಮೇಲೆ ನಾನು ಹಿಂದೆ ಹುಲ್ಲು ಕಿತ್ತ ಜಾಗಕ್ಕೆ ಬಂದಾಗ ಅವರು ಒಂದು ಬುಡವನ್ನು ಕಾಲಿನಿಂದ ಸರಿಸಿ, ಕೆಳಗಿನ ಕಸವನ್ನು ಬೊಗಸೆಯಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. ಕೊಳೆತ ಎಲೆಯ ನಡುವೆ ಉದುರಿದ ಬೀಜಗಳು. ನನಗೆ ಇದು ಹೊಳೆದೇ ಇರಲಿಲ್ಲ. ತೆನೆ ನೋಡುತ್ತಾ ನಿಂತಿದ್ದೆ, ಬುಡ ಕೆದಕಿರಲಿಲ್ಲ. ಭೂತಗನ್ನಡಿಯಲ್ಲಿ ಹನ್ನೆರಡು ಬೀಜ ನೋಡಿದೆ. ಎಲ್ಲದರ ಕುತ್ತಿಗೆಯೂ ಬೋಳು. ಬುಡದಲ್ಲಿ ಕಂದು ಕೂದಲು. ಇನ್ನೂ ನಾಲ್ಕು ಕಡೆ ಕೆದಕಿದೆ. ಅದೇ.

“ಇದು ಕೆಳಗೆ ಲಾರಿ ರಸ್ತೆ ಬಂದ ಮೇಲೆ ಬಂದದ್ದು,” ಅಂದರು ಅವರು. “ನಾನು ಮದುವೆ ಆಗಿ ಬಂದಾಗ ಇಲ್ಲಿ ಇರಲಿಲ್ಲ.”

ಆ ಏಣಿನ ಮೇಲೆ ನಾನು ‘ಬಹುಶಃ’ ಅಂತ ಬರೆದದ್ದು ತಪ್ಪಾಗಿತ್ತು. ಅಲ್ಲೇ ಕೂರಬೇಕೆನಿಸಿತು. ಅವರು ಆಗಲೇ ಆಚೆ ಬದಿಗೆ ಇಳಿಯುತ್ತಿದ್ದರು.

ಕೊರಕಲಿನ ಬಾಯಿಂದ ಒಳಗೆ ಇಳಿಯುವುದಕ್ಕೆ ಒಂದು ಅಂಚು ಇತ್ತು, ಒಂದು ಪಾದದಷ್ಟೇ ಅಗಲ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಲ್ಲುಚೂರಿನ ಜಾರು. ಅವರು ಬಂಡೆಗೆ ಮುಖ ಮಾಡಿ ಏಡಿಯಂತೆ ಅಡ್ಡಡ್ಡ ಸರಿದು ದಾಟಿದರು. ನಾನು ನಡುವಿಗೆ ಬಂದಾಗ ಕಾಲ ಕೆಳಗಿನ ಕಲ್ಲು ಹೊರಟುಹೋಯಿತು. ಅದು ಉರುಳುವ ಸದ್ದು ಕೆಳಗೆ, ಇನ್ನೂ ಕೆಳಗೆ, ಆಮೇಲೆ ಕೇಳಿಸಲಿಲ್ಲ. ಒಂದು ಕಾಲು ಗಾಳಿಯಲ್ಲಿ, ಕೆನ್ನೆ ಬಂಡೆಗೆ. ಉಸಿರು ಬಿಟ್ಟರೆ ಜಾರುತ್ತೇನೆ ಅನಿಸಿತು.

“ಕೈ ಕೊಡಬೇಡಿ ನನಗೆ,” ಅಂದರು ಅವರು, ಬಹಳ ಮೆಲ್ಲಗೆ. “ಕೊಟ್ಟರೆ ಇಬ್ಬರೂ ಹೋಗ್ತೀವಿ. ಬಲಗಡೆ ಮೊಣಕಾಲಿನ ಹತ್ತಿರ ಬಿರುಕಿದೆ. ಕಾಲು ಅದರಲ್ಲಿಡಿ. ನೋಡಬೇಡಿ. ತಡಕಿ.”

ತಡಕಿದೆ. ಬಿರುಕು ಸಿಕ್ಕಿತು. ಆಚೆ ಮುಟ್ಟಿದ ಮೇಲೆ ಅವರು ನನ್ನ ಅಂಗಿಯ ಭುಜ ಹಿಡಿದು ಎಳೆದು ಕೂರಿಸಿದರು.

ಬಂಡೆಯ ಮರೆಯಲ್ಲಿ, ಮಳೆ ನೇರ ಬೀಳದ ಜಾಗದಲ್ಲಿ, ಹುಲ್ಲು ಬೆಳೆದಿತ್ತು. ತೆನೆಗಳಲ್ಲಿ ಬೀಜ ಹಾಗೇ ಇತ್ತು. ಗಾಳಿಗೆ ಊಬುಗಳು ಹೊಳೆಯುತ್ತಿದ್ದವು. ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದೆ. ಬಿಳಿ ಉಂಗುರ. ಮತ್ತೆ ಬಿಳಿ ಉಂಗುರ. ಮೂವತ್ತೊಂದು ಬುಡ ಎಣಿಸಿದೆ. ಜಿಪಿಎಸ್‌ನಲ್ಲಿ ಜಾಗ ಹಿಡಿದೆ. ಅಬಾಂಗ್ ಕಣ್ಣಿಗೆ ಬಿದ್ದದ್ದು ಈ ಕೊರಕಲಿನ ಬಾಯಲ್ಲಿದ್ದ ಬುಡದ ಬೀಜವೇ. ಅನುಮಾನ ಉಳಿಯಲಿಲ್ಲ.

“ಆಯ್ತಾ?”

“ಆಯ್ತು. ಆದರೆ ಇದು ರಸ್ತೆ ಹೋಗೋ ಜಾಗ ಅಲ್ಲ,” ಅಂದೆ. ದನಿಯಲ್ಲಿ ನಿರಾಸೆ ಇತ್ತು ಅಂತ ಕಾಣುತ್ತದೆ.

ಅವರು ತಲೆ ಎತ್ತಿ ಮೇಲಿನ ಏಣನ್ನು ನೋಡಿದರು. “ಮೇಲೆ ಕಡಿದ ಮಣ್ಣು ಎಲ್ಲಿ ಹಾಕ್ತಾರೆ ಅಂದುಕೊಂಡಿದ್ದೀರಿ? ಹೊತ್ತುಕೊಂಡು ಹೋಗ್ತಾರಾ? ಆಚೆ ತಿರುವಿನಲ್ಲಿ ಇಂಥದ್ದೇ ಕೊರಕಲಿತ್ತು. ನಮ್ಮ ನೀರಿನ ಝರಿ ಅದರೊಳಗಿತ್ತು. ಈಗ ಹುಡುಕಿ ನೋಡಿ.”

ಆ ಏಣನ್ನೂ ಈ ಕೊರಕಲನ್ನೂ ನಾನು ಅಲ್ಲಿಯವರೆಗೆ ಮ್ಯಾಪಿನ ಮೇಲೆ ಬೇರೆ ಬೇರೆ ಜಾಗ ಅಂತಲೇ ನೋಡಿದ್ದೆ.

ಸೋಮವಾರದ ಮೀಟಿಂಗಿನಲ್ಲಿ ಮೊದಲು ನನ್ನ ತಪ್ಪನ್ನೇ ಹೇಳಿದೆ. ಏಣಿನ ಮೇಲಿನದು ಸೂಜಿಹುಲ್ಲಲ್ಲ, ಎರಡು ತಿಂಗಳ ಹಿಂದೆ ನಾನು ಮಾಗದ ಬೀಜ ನೋಡಿ ತಪ್ಪಾಗಿ ಬರೆದೆ. ಕೋಣೆಯಲ್ಲಿ ಹತ್ತು ಹನ್ನೆರಡು ಜನ. ಪಕ್ಕದಲ್ಲಿದ್ದ ಬಾಸ್ ಪೆನ್ನಿನ ಕ್ಯಾಪ್ ಹಾಕುತ್ತಾ ತೆಗೆಯುತ್ತಾ ಇದ್ದರು. ಎದುರಿಗಿದ್ದ ರಸ್ತೆಯ ಇಂಜಿನಿಯರ್ ನಕ್ಕರು.

“ಹಾಗಾದರೆ ಎರಡು ತಿಂಗಳು ನಾವು ಸುಮ್ಮನೆ ಕಾದೆವು. ಏಣು ಖಾಲಿ.”

“ಏಣು ಖಾಲಿ. ಏಣಿನ ಕೆಳಗೆ ಖಾಲಿ ಇಲ್ಲ.” ಫೋಟೋ, ಬೀಜ, ಜಾಗ, ಎಲ್ಲ ಪರದೆಯ ಮೇಲೆ ಹಾಕಿದೆ. “ಕಡಿದ ಮಣ್ಣನ್ನು ಎಲ್ಲಿ ಹಾಕ್ತೀರಿ?”

ಅವರು ಕಡತ ತಿರುವಿದರು. ತಿರುವುತ್ತಲೇ ಇದ್ದರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ, ವಯಸ್ಸಾದ ಹೆಂಗಸು, ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದರು.

ರಸ್ತೆ ನಿಲ್ಲಲಿಲ್ಲ. ಮಣ್ಣನ್ನು ಆ ಬದಿಗೆ ತಳ್ಳಬಾರದು, ಲಾರಿಯಲ್ಲಿ ಕೆಳಗೆ ಸಾಗಿಸಬೇಕು ಅಂತ ಷರತ್ತು ಹಾಕಿದರು. ಕೊರಕಲಿನ ತುದಿಗೆ ಗೂಟ ನೆಟ್ಟು ಹಗ್ಗ ಕಟ್ಟಿದರು. ಮ್ಯಾಪಿನಲ್ಲಿ ಹಳೆಯ ಎರಡು ದಪ್ಪ ಚುಕ್ಕಿಗಳ ಜೊತೆಗೆ ಒಂದು ಸಣ್ಣ ಚುಕ್ಕಿ ಸೇರಿತು. ವಾಪಸ್ ಬರುವಾಗ ಕಾರಿನಲ್ಲಿ ಬಾಸ್, “ಏಣು ಹೋಯ್ತಲ್ಲ ಮಾರಾಯ್ರೆ,” ಅಂದರು. ಮುಂದಿನ ಮಳೆಗಾಲದಲ್ಲಿ ಕಡಿದ ಅಂಚೊಂದು ಜರಿದು ಒಂಬತ್ತು ಬುಡ ಮುಚ್ಚಿಹೋದವು. ಉಳಿದವು ಇವೆ.

ಅಬಾಂಗ್ ಕಣ್ಣಿಗೆ ಸೋಂಕು ಹತ್ತಲಿಲ್ಲ. ಆದರೆ ಕಪ್ಪುಗುಡ್ಡೆಯ ಅಂಚಿನಲ್ಲಿ ಬಿಳಿಯ ಕಲೆ ಉಳಿಯಿತು. ಬಿಸಿಲಿಗೆ ಮಸುಕಾಗುತ್ತದೆ. ಅವರು ಮತ್ತೆ ಗೈಡ್ ಕೆಲಸಕ್ಕೆ ಬರಲಿಲ್ಲ, ನಾನೂ ಕರೆಯಲಿಲ್ಲ. ಮಾತು ಕೊಟ್ಟಿದ್ದೆ. ಆದರೆ ತಪಾಸಣೆಯ ದಿನಗಳಲ್ಲಿ ಅವರನ್ನು ಇಪೋಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಅದನ್ನು ಅವರ ಹೆಂಡತಿ ಬೇಡ ಅನ್ನಲಿಲ್ಲ.

ಆರು ತಿಂಗಳ ನಂತರದ ತಪಾಸಣೆಗೆ ಮೂವರೂ ಹೋದೆವು. ಬಲಗಣ್ಣು ಮುಚ್ಚಿಕೊಂಡು ಗೋಡೆಯ ಪಟ್ಟಿಯ ಅಂಕಿಗಳನ್ನು ಅವರು ಓದಿದರು. ಮೊದಲ ನಾಲ್ಕು ಸಾಲು ಸರಾಗ. ಐದನೆಯದರಲ್ಲಿ ನಿಂತರು, ಒಂದು ಅಂಕಿ ಹೇಳಿದರು, ಬದಲಿಸಿದರು. ಆರನೆಯದಕ್ಕೆ ನಕ್ಕು ತಲೆ ಆಡಿಸಿದರು. ಡಾಕ್ಟರು ಏನನ್ನೋ ಬರೆದುಕೊಂಡರು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಡತಿ ಗಂಡನನ್ನು ಕೇಳಲಿಲ್ಲ. ಅವರು ಸುಳ್ಳು ಹೇಳುತ್ತಾರೆ ಅಂತ ಗೊತ್ತಿತ್ತೇನೋ. ನನ್ನ ಕಡೆ ತಿರುಗಿದರು.

“ಎಷ್ಟು ಸಾಲು?”

“ನಾಲ್ಕು. ಐದನೇದು ಅರ್ಧ.”

ಅವರು ತಲೆದೂಗಿ, ಪಕ್ಕಕ್ಕೆ ಸರಿದು, ಬೆಂಚಿನಲ್ಲಿ ನನಗೂ ಜಾಗ ಮಾಡಿಕೊಟ್ಟರು.